‘ಅವ್ವ’ ಎಂದರೆ

ಬಸವರಾಜ, ಆ ದಿನ ಶುಕ್ರವಾರ, ಸಂಜೆ ನಾಲ್ಕೂಕಾಲು. ಬಳ್ಳಾರಿಯ ನಮ್ಮ ಬೋರ್ಡಿಂಗ್ ಶಾಲೆಯ ಆಫೀಸಿನ ಮುಂದಿನ ಪಡಸಾಲೆಯಲ್ಲಿ, ಎರಡನೆಯ ಕಂಬಕ್ಕೂ ನೀರಿನ ಹರವಿಗೂ ನಡುವೆ ನಾನು ನಿಂತಿದ್ದೆ. ನಿಮ್ಮ ಅವ್ವನ ಸ್ಥಿತಿ ಕೈಮೀರುತ್ತಿದೆ, ಮಗನನ್ನು ಈಗಲೇ ಕಳಿಸಿ ಎಂಬ ಸುದ್ದಿ ಕುರುಗೋಡಿನಿಂದ ಬಂದದ್ದು ಅಲ್ಲಿಗೆ, ಆ ಹೊತ್ತಿಗೆ. ಅದು ನಿನಗೆ ಮುಟ್ಟದ ಹಾಗೆ ಮಾಡಿದವನು ನಾನು. ಮಿಸ್ ಎಡ್ನಾ ಅಲ್ಲ — ನಾನು.

ನಾಲ್ಕೂಕಾಲು ಎಂದು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾಲ್ಕೂವರೆಗೆ ಆಟದ ಗಂಟೆ ಬಾರಿಸುವ ಪಾಳಿ ಆ ವಾರ ನನ್ನದಾಗಿತ್ತು. ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತಿದ್ದೆ. ಅರವತ್ತೊಂಬತ್ತನೆಯ ಇಸವಿ. ನಾವಿಬ್ಬರೂ ಎಸ್ಸೆಸ್ಸೆಲ್ಸಿ. ಈಗ ಇಪ್ಪತ್ತು ವರ್ಷವಾಯಿತು. ಇದನ್ನು ನಿನ್ನ ಮುಖ ನೋಡಿ ಹೇಳಲು ಎಷ್ಟು ಸಲ ಬಾಯಿ ತೆರೆದಿದ್ದೇನೋ — ಪ್ರತಿ ಸಲವೂ ಬೇರೆ ಏನೋ ಹೇಳಿ ಎದ್ದು ಬಂದಿದ್ದೇನೆ. ಬರೆದರೆ ಮಾತು ಜಾರಿಕೊಳ್ಳುವುದಿಲ್ಲ ಎಂದು ಬರೆಯುತ್ತಿದ್ದೇನೆ. ಕಂಡದ್ದನ್ನು, ಕೇಳಿದ್ದನ್ನು, ಮಾಡಿದ್ದನ್ನು ಮಾತ್ರ.

ಊರವರು ನಮ್ಮ ಶಾಲೆಯನ್ನು ‘ಅಮೆರಿಕನ್ ಬೋರ್ಡಿಂಗ್’ ಎನ್ನುತ್ತಿದ್ದರು. ಅಮೆರಿಕದಿಂದ ಬಂದ ಹೆಂಗಸೊಬ್ಬರು ಅದನ್ನು ನೋಡಿಕೊಳ್ಳುತ್ತಿದ್ದರು; ಅವರನ್ನು ನಾವು ದೊಡ್ಡ ಅಮ್ಮಾವರು ಎನ್ನುತ್ತಿದ್ದೆವು. ನಾನು ಸಿರುಗುಪ್ಪದಿಂದ ಬಂದವನು, ನೀನು ಕುರುಗೋಡಿನಿಂದ. ಮೊದಲ ದಿನ ಕಬ್ಬಿಣದ ಮಂಚ, ಅದರ ಮೇಲೆ ಮೂಲೆ ಮಡಿಸಿ ಬಿಗಿಯಾಗಿ ಹಾಸಿದ ಬಿಳಿ ಹೊದಿಕೆ ತೋರಿಸಿದರು. ಬೆಳಿಗ್ಗೆ ಎದ್ದು ಹಾಗೆಯೇ ಹಾಸಬೇಕು ಎಂದರು. ನೀನು ಒಂದು ತಿಂಗಳು ನೆಲದ ಮೇಲೆ ಮಲಗಿದೆ. ಯಾಕೆಂದು ನಾನು ಕೇಳಿದ್ದಕ್ಕೆ, “ಹಾಸಿದ್ದು ಹಾಸಿದಂಗ ಇರತೈತಲ್ಲಲೇ ಸಿದ್ಯಾ, ದಿನಾ ಯಾರು ಮತ್ತ ಮಡಚಬೇಕು?” ಎಂದೆ. ಇಡೀ ಬೋರ್ಡಿಂಗಿನಲ್ಲಿ ಅಚ್ಚುಕಟ್ಟಾದ ಹಾಸಿಗೆ ನಿನ್ನದೇ ಎಂದು ದೊಡ್ಡ ಅಮ್ಮಾವರು ಎಲ್ಲರೆದುರು ಹೊಗಳಿದಾಗ ನೀನು ತಲೆ ತಗ್ಗಿಸಿ ನಿಂತದ್ದು, ನಾನು ನಗು ತಡೆಯಲಾರದೆ ಕೆಮ್ಮಿದ್ದು — ಇದನ್ನೆಲ್ಲ ಇಲ್ಲಿ ಬರೆಯಬಾರದೇನೋ. ಆದರೆ ಆ ಬೋರ್ಡಿಂಗ್ ನೆನೆದರೆ ಮೊದಲು ಬರುವುದು ಇದೇ.

ಬೆಳಿಗ್ಗೆ ಗೋಧಿ ನುಚ್ಚಿನ ಗಂಜಿ, ಹಾಲಿನ ಪುಡಿಯ ಹಾಲು. ಅಡುಗೆಯ ಹುಲಿಗೆವ್ವ ಅದನ್ನು ದೊಡ್ಡ ಬೋಗುಣಿಯಲ್ಲಿ ಕಲಸಿ ಸೌಟಿನಿಂದ ಹಾಕುತ್ತಿದ್ದಳು. “ಇದು ಹಾಲಲ್ಲ ಹುಲಿಗೆವ್ವ, ಗ್ವಾಡಿಗೆ ಬಳಿಯೋ ಸುಣ್ಣ” ಎಂದು ನೀನು ದಿನವೂ ಹೇಳುವುದು, “ಕುಡಿಯಲೇ ಬಾಡ್ಯಾ, ಹೊಟ್ಟಿ ಬೆಳ್ಳಗಾದ್ರ ಆಗ್ಲಿ” ಎಂದು ಅವಳು ದಿನವೂ ಬೈಯುವುದು. ನಲವತ್ತೈದರ ವಯಸ್ಸಿಗೇ ಅವಳ ತಲೆ ಪೂರ್ತಿ ನರೆತಿತ್ತು.

ಅಮ್ಮಾವರು ಹುಡುಗರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದ್ದರು. ನನಗೆ ನೀನು, ನಿನಗೆ ನಾನು. ಒಬ್ಬನು ಎಲ್ಲಿದ್ದಾನೆಂದು ಇನ್ನೊಬ್ಬನಿಗೆ ಯಾವಾಗಲೂ ಗೊತ್ತಿರಬೇಕು. ಒಬ್ಬನಿಗೆ ಬಂದ ಸುದ್ದಿ ಸಿಕ್ಕದಿದ್ದರೆ ಇನ್ನೊಬ್ಬನಿಗೆ ಹೇಳಬೇಕು. ಆಟದಲ್ಲಿಯೂ ನಾವು ಜೋಡಿಯೇ. ಬ್ಯಾಸ್ಕೆಟ್‌ಬಾಲ್ ಅವರೇ ಕಲಿಸಿದ್ದು. ನಾನು ಗಿಡ್ಡ, ಚೆಂಡು ಕೊಡುವವನು. ನೀನು ಎತ್ತರ, ಬುಟ್ಟಿಗೆ ಹಾಕುವವನು. ನೀನಿಲ್ಲದ ದಿನ ನಾನು ಚೆಂಡು ಹಿಡಿದುಕೊಂಡು ಯಾರಿಗೆ ಕೊಡಲಿ ಎಂದು ನಿಲ್ಲುತ್ತಿದ್ದೆ.

ಆ ಡಿಸೆಂಬರಿನಲ್ಲಿ ದೊಡ್ಡ ಅಮ್ಮಾವರು ರಜೆಯ ಮೇಲೆ ತಮ್ಮ ದೇಶಕ್ಕೆ ಹೋದರು. ಅವರ ಜಾಗಕ್ಕೆ ಮಿಸ್ ಎಡ್ನಾ ಬಂದರು. ಎಂಟು ವರ್ಷ ಕರ್ನೂಲಿನ ಕಡೆಯ ಹಳ್ಳಿಗಳಲ್ಲಿದ್ದವರು. ತೆಲುಗು ನೀರು ಕುಡಿದ ಹಾಗೆ ಬರುತ್ತಿತ್ತು, ಕನ್ನಡ ಆಗಷ್ಟೇ ಕಲಿಯುತ್ತಿದ್ದರು. ಬಂದ ದಿನವೇ ಅವರ ಕೈಗೆ ದೊಡ್ಡ ಅಮ್ಮಾವರು ಬರೆದಿಟ್ಟ ನಿಯಮಗಳು ಸಿಕ್ಕವು. ಅದರಲ್ಲಿ ಒಂದು: ತಂದೆತಾಯಿಗೆ ಕಾಯಿಲೆಯಾದರೆ ಮಾತ್ರ ಊರಿಗೆ ಕಳಿಸುವುದು, ಅಜ್ಜಿಯರಿಗಾದರೆ ಇಲ್ಲ. ಆ ನಿಯಮ ಬರಲು ನಾವೇ ಕಾರಣ. ಹಬ್ಬ ಬಂತೆಂದರೆ ಬೋರ್ಡಿಂಗಿನ ಅಜ್ಜಿಯರೆಲ್ಲ ಸಾಲಾಗಿ ಸಾಯುತ್ತಿದ್ದರು. ನನ್ನ ಅಜ್ಜಿಯನ್ನು ನಾನೇ ಎರಡು ಸಲ ಸಾಯಿಸಿದ್ದೆ. ನಿನಗೆ ಅಜ್ಜಿಯರೇ ಇರಲಿಲ್ಲ — ಇಬ್ಬರೂ ನೀನು ಹುಟ್ಟುವ ಮೊದಲೇ ಹೋಗಿದ್ದರು. ನನಗದು ಗೊತ್ತಿತ್ತು. ಈ ಮಾತನ್ನು ಗಮನಿಸು.

ಆ ಶುಕ್ರವಾರ ಬಂದವನು ನಿಮ್ಮ ಓಣಿಯ ಈರಣ್ಣ. ಹತ್ತಿಯ ಗಾಡಿಗಳ ಜೊತೆ ಬಳ್ಳಾರಿಗೆ ಬಂದಿದ್ದ. ಹೊರಗಿನವರು ಭಾನುವಾರ ಮಾತ್ರ ಹುಡುಗರನ್ನು ನೋಡಬಹುದಿತ್ತು, ಹಾಗಾಗಿ ಅವನು ನೇರ ಆಫೀಸಿಗೆ ಬಂದ. ರುಮಾಲು ಕೈಯಲ್ಲಿ ಹಿಡಿದಿದ್ದ. ಮಿಸ್ ಎಡ್ನಾ ಬಾಗಿಲಿಗೆ ಬಂದರು. ಹುಲಿಗೆವ್ವ ಪಡಸಾಲೆಯ ತುದಿಯಲ್ಲಿ ಮೊರ ಹಿಡಿದು ಗೋಧಿ ಹಸನು ಮಾಡುತ್ತಿದ್ದಳು. ನೀನು ಕಟ್ಟಡದ ಹಿಂದಿನ ಅಂಗಳದಲ್ಲಿ ಒಬ್ಬನೇ ಚೆಂಡು ಎಸೆಯುತ್ತಿದ್ದೆ. ಹಲಗೆಗೆ ಬಡಿಯುವ ಸದ್ದು ನನಗೆ ಕೇಳುತ್ತಿತ್ತು.

“ಬಸ್ಯಾನ ಕಳಸ್ರಿ ಅಮ್ಮಾರ” ಎಂದ ಈರಣ್ಣ. “ಅವ್ವಗ ಭಾಳ ಜಡ್ಡಾಗೈತಿ. ಇವತ್ತ ಕಳಸ್ರಿ ಅಂತ ಅವರಪ್ಪ ಹೇಳ್ಯಾನ್ರಿ.”

ಮಿಸ್ ಎಡ್ನಾ ‘ಅವ್ವ’ ಎಂಬ ಒಂದು ಮಾತನ್ನು ಹಿಡಿದುಕೊಂಡರು. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಎಂಟು ವರ್ಷ ಅವರು ಅದನ್ನು ಹಾಗೆಯೇ ಕೇಳಿದ್ದರು. ಇಲ್ಲಿಗೆ ಬಂದ ಮೇಲೂ, ತಲೆ ನರೆತ ಹೆಂಗಸನ್ನು ನಾವೆಲ್ಲ ‘ಹುಲಿಗೆವ್ವ’ ಎನ್ನುವುದನ್ನೇ ಕೇಳಿದ್ದರು. ಆದರೂ ಅವರು ಅನುಮಾನಪಟ್ಟರು, ಬಸವರಾಜ. ಇದು ನಿನಗೆ ಗೊತ್ತಿಲ್ಲ. ಅವರು ದುಡುಕಲಿಲ್ಲ. ನನ್ನ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ, ನಿಧಾನವಾಗಿ ಕೇಳಿದರು: ಅವ್ವ ಎಂದರೆ ಅಜ್ಜಿ ತಾನೇ?

ನನ್ನ ಮನೆಯಲ್ಲಿ ನಾನು ಹೆತ್ತವಳನ್ನು ಕರೆಯುವುದೂ ಅವ್ವ ಎಂದೇ.

“ಯೆಸ್, ಮಿಸ್” ಎಂದೆ.

ಅಷ್ಟೇ. ಎರಡು ಶಬ್ದ. ಮರುದಿನ ನಾಲ್ಕು ಗಂಟೆಗೆ ಗುಂತಕಲ್ಲಿನ ತಂಡದ ಜೊತೆ ನಮ್ಮ ಪಂದ್ಯವಿತ್ತು. ನಾನು ಮೊದಲ ಬಾರಿಗೆ ನಾಯಕನಾಗಿದ್ದೆ. ನೀನು ಹೋದರೆ ಸೋಲುತ್ತಿದ್ದೆವು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಇಪ್ಪತ್ತು ವರ್ಷ ಹುಡುಕಿದ್ದೇನೆ — ನೀನು ಊರಿಗೆ ಹೋದರೆ ಓದು ಬಿಡಿಸುತ್ತಾರೆಂಬ ಭಯವಿತ್ತು ಎಂದೋ, ಮತ್ತೊಂದೋ. ಇರಲಿಲ್ಲ. ಒಂದು ಪಂದ್ಯ.

ಮಿಸ್ ಎಡ್ನಾ ನಿಟ್ಟುಸಿರಿಟ್ಟರು. ನಿಯಮ ಮುರಿಯಲು ತಮಗೆ ಅಧಿಕಾರವಿಲ್ಲ, ನಿನ್ನ ಗೆಳೆಯನಿಗೆ ನೀನೇ ಮೆಲ್ಲಗೆ ತಿಳಿಸು, ಭಾನುವಾರ ಮನೆಗೆ ಕಾಗದ ಬರೆಯಲಿ ಎಂದರು. ಈರಣ್ಣ ನನ್ನ ಮುಖ ನೋಡಿದ. “ಏನಂತಾರಪಾ?” ಎಂದ.

“ಕಳಸ್ತಾರಂತ. ನೀವು ನಡೀರಿ” ಎಂದೆ.

ಗಾಡಿಗಳು ಹೊರಡುವ ಹೊತ್ತಾಗಿತ್ತು. ಅವನು ಕೈಮುಗಿದು ಹೋದ. ನಾನು ನಾಲ್ಕೂವರೆಗೆ ಗಂಟೆ ಬಾರಿಸಿದೆ. ನಿನಗೆ ಮೆಲ್ಲಗೂ ಹೇಳಲಿಲ್ಲ, ಜೋರಾಗಿಯೂ ಹೇಳಲಿಲ್ಲ. ಅಜ್ಜಿ ಎಂದು ಹೇಳಿದ್ದರೂ ಸಾಕಿತ್ತು — “ನನಗೆಲ್ಲಿ ಅಜ್ಜಿಲೇ?” ಎಂದು ನೀನು ಆ ಕ್ಷಣವೇ ಓಡುತ್ತಿದ್ದೆ. ಐದೂವರೆಗೆ ಬಸ್ಸಿತ್ತು. ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದೆ.

ಶನಿವಾರ ಬೆಳಿಗ್ಗೆ ಗಂಜಿ ಹಾಕುತ್ತ ಹುಲಿಗೆವ್ವ ನಿನ್ನನ್ನು ನೋಡಿದಳು. ನೀನು ಮುಂದೆ ಹೋದ ಮೇಲೆ ನನ್ನ ತಟ್ಟೆಯ ಮೇಲೆ ಸೌಟು ಹಿಡಿದು ನಿಂತಳು.

“ಬಸ್ಯಾ ಯಾಕ ಹೋಗಿಲ್ಲ? ಕಳಸ್ತಾರಂತ ನೀನ ಹೇಳಿದ್ಯಲ್ಲ ಆ ಮನಷ್ಯಾಗ?”

“ಅಮ್ಮಾರು ಬ್ಯಾಡಂದ್ರು.”

“ತಾಯಿಗೆ ಜಡ್ಡಾದ್ರೂ ಬ್ಯಾಡಂದ್ರಾ?”

ನಾನು ತಟ್ಟೆಯನ್ನು ಮುಂದೆ ಚಾಚಿದೆ. ಸುದ್ದಿ ನಿನಗೂ ಮುಟ್ಟಿದೆ ಎಂದುಕೊಂಡಿರಬೇಕು, ಅವಳು ಗಂಜಿ ಹಾಕಿದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಮುಖ ಓದಲು ಬರುತ್ತಿತ್ತು.

ನಾವು ಗೆದ್ದೆವು. ಕೊನೆಯ ಎರಡು ಬುಟ್ಟಿ ನಿನ್ನವೇ, ಚೆಂಡು ಕೊಟ್ಟವನು ನಾನು. ನೀನು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಅಂಗಳ ಸುತ್ತಿದೆ. “ಕ್ಯಾಪ್ಟನ್ ಸಾಹೇಬ್ರು ಬಂದ್ರು, ದಾರಿ ಬಿಡ್ರಿ!” ಎಂದು ಕೂಗುತ್ತಿದ್ದೆ. ನಿನ್ನ ತಲೆಗೂದಲನ್ನು ಹಿಡಿದುಕೊಂಡಿದ್ದೆ ನಾನು. ಬೆವರಿಗೆ ಒದ್ದೆಯಾಗಿತ್ತು.

ಭಾನುವಾರ ಮೊದಲ ಬಸ್ಸಿಗೆ ನಿಮ್ಮ ಸೋದರಮಾವ ಬಂದರು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಅವ್ವ ತೀರಿಕೊಂಡಿದ್ದರು. ಮಧ್ಯಾಹ್ನದವರೆಗೂ ಎಚ್ಚರವಿತ್ತಂತೆ. ಬಸ್ಸು ಬಂತೇ ಎಂದು ಮೂರು ಸಲ ಕೇಳಿದರಂತೆ. ಮಾವ ಪಡಸಾಲೆಯಲ್ಲಿ ನಿಂತು ಕೂಗಿದರು: “ಸುಕ್ರಾರನ ಮಂದಿ ಕಳಿಸೀವಿ! ಹೆತ್ತ ತಾಯಿ ಸಾಯಾಕ ಬಿದ್ರೂ ಹುಡುಗನ್ನ ಬಿಡಲಿಲ್ಲಂದ್ರ ನೀವು ಎಂಥಾ ಮಂದಿ?”

ಮಿಸ್ ಎಡ್ನಾ ತೆಲುಗು, ಇಂಗ್ಲಿಷ್, ಕನ್ನಡ ಕಲಸಿ ಏನೇನೋ ಹೇಳಲು ಹೋದರು. ಆಮೇಲೆ ‘ಅವ್ವ’ ಎಂದರೆ ಇಲ್ಲಿ ತಾಯಿ ಎಂದು ಅವರಿಗೆ ಯಾರೋ ಹೇಳಿದರು. ಅವರು ನನ್ನತ್ತ ಒಮ್ಮೆ ನೋಡಿದರು. ಒಮ್ಮೆ ಮಾತ್ರ. ಹದಿನಾರು ವರ್ಷದ ಹುಡುಗನೂ ತನ್ನ ಹಾಗೆಯೇ ತಪ್ಪು ತಿಳಿದಿರಬೇಕು ಎಂದುಕೊಂಡರೋ, ಅಥವಾ ತಿಳಿದೂ ನನ್ನನ್ನು ಉಳಿಸಿದರೋ — ಇದು ಮಾತ್ರ ನನಗೆ ಗೊತ್ತಿಲ್ಲ, ಗೊತ್ತಿದ್ದ ಹಾಗೆ ಬರೆಯಲಾರೆ. “ತಪ್ಪು ನನ್ನದು” ಎಂದು ನಿನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ನೀನು ಅವರನ್ನೇ ಸಮಾಧಾನ ಮಾಡಿದೆ. ನಾನು ಅದೇ ಕಂಬದ ಹತ್ತಿರ ನಿಂತಿದ್ದೆ.

ಹನ್ನೊಂದನೆಯ ದಿನ ಕಳೆದ ಮೇಲೆ ನೀನು ತಿರುಗಿ ಬಂದೆ, ಓದಿದೆ, ದನದ ಡಾಕ್ಟರಾದೆ. ನಾನು ಸಿರುಗುಪ್ಪದಲ್ಲಿ ಇಂಗ್ಲಿಷ್ ಮೇಷ್ಟ್ರಾದೆ. ನನ್ನ ಎಮ್ಮೆ ಈಯುವಾಗ ಕುರುಗೋಡಿನಿಂದ ಬಂದು ಮೊಣಕೈತನಕ ಕೈಹಾಕಿ ಕರುವನ್ನು ಎಳೆದವನು ನೀನು. ನನ್ನ ಮಗಳ ಹೆಸರಿಡುವ ದಿನ, ಊಟದ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಆ ಕಥೆ ಹೇಳಿದವನೂ ನೀನೇ. “ನಮ್ಮವ್ವ ಮೂವತ್ತಾರಕ್ಕ ಹೋದಾಕಿ. ಮುದುಕಿ ಆಗಲೇ ಇಲ್ಲ. ಆಕೀನ ಅಜ್ಜಿ ಮಾಡಿ ನೋಡಿದಾಕಿ ಅಂದ್ರ ನಮ್ಮ ದೊರಿಸಾನಿ ಒಬ್ಬಾಕಿನ ನೋಡ್ರಿ” ಎಂದು ನಕ್ಕೆ. ಮಂದಿಯೆಲ್ಲ ನಕ್ಕರು. ನಾನೂ — ಎಲೆಗೆ ಹೋಳಿಗೆ ಬಡಿಸುತ್ತಿದ್ದವನು — ನಕ್ಕೆ. ನೀನು ಆ ನೋವನ್ನು ಎಷ್ಟು ವರ್ಷ ತಿಕ್ಕಿ ತಿಕ್ಕಿ ಹಾಗೆ ನಗುವಷ್ಟು ನುಣುಪು ಮಾಡಿಕೊಂಡೆಯೋ. ಅದಕ್ಕೂ ನಾನು ಮೋಸ ಮಾಡಿದೆ: ನೀನು ಕ್ಷಮಿಸಿದ್ದು ತಪ್ಪು ಮಾಡದವರನ್ನು.

ಮಿಸ್ ಎಡ್ನಾ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು, ನಮ್ಮಿಬ್ಬರಿಗೂ ಸೇರಿಸಿ, ನನ್ನ ವಿಳಾಸಕ್ಕೆ. ನಾನು ನಿನಗೆ ಓದಿ ಹೇಳುತ್ತಿದ್ದೆ. ಕೊನೆಯದರ ಒಂದು ಸಾಲನ್ನು ಮಾತ್ರ ಓದಲಿಲ್ಲ. ಹೊಸದಾಗಿ ಹೊರನಾಡಿಗೆ ಹೊರಡುವ ಹುಡುಗಿಯರಿಗೆ ತಾವು ಪಾಠ ಹೇಳುತ್ತಿರುವುದಾಗಿಯೂ, ಆ ಊರಿನ ಮಕ್ಕಳು ತಾಯಿಯನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ ಎಂದು ಹೇಳುವುದಾಗಿಯೂ ಬರೆದಿದ್ದರು. ಈ ವರ್ಷ ಕಾಗದ ಬಂದದ್ದು ಅವರ ತಂಗಿಯಿಂದ. ಮಿಸ್ ಎಡ್ನಾ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ನನ್ನ ಎರಡು ಶಬ್ದಗಳನ್ನು ತಮ್ಮದೆಂದು ಹೊತ್ತುಕೊಂಡೇ ಹೋದರು.

ಅವರಿಗೆ ನಾನು ತಡಮಾಡಿದೆ. ನಿನಗೆ ಮಾಡಲಾರೆ. ಈ ಹಾಳೆಗಳನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ. ಆಮೇಲೆ ಏಳು ಎಂದರೆ ಏಳುತ್ತೇನೆ. ಮುಂದಿನ ಸಲ ಆ ಕಥೆ ಹೇಳುವಾಗ ದೊರೆಸಾನಿಯ ಹೆಸರು ತೆಗೆದು ನನ್ನ ಹೆಸರು ಹಾಕು. ಅದನ್ನು ಮಾತ್ರ ಬೇಡುತ್ತೇನೆ.

ಆ ಶುಕ್ರವಾರ ಪಡಸಾಲೆಯಲ್ಲಿ ಇದ್ದವರು ನಾಲ್ವರು. ಈರಣ್ಣ ಹೋಗಿ ಒಂಬತ್ತು ವರ್ಷವಾಯಿತು. ಮಿಸ್ ಎಡ್ನಾ ಇಲ್ಲ. ನನ್ನ ಮಾತಿನ ಮೇಲೆ ನಿನಗೆ ಇನ್ನು ನಂಬಿಕೆ ಉಳಿಯದಿದ್ದರೆ, ಹುಲಿಗೆವ್ವ ಇದ್ದಾಳೆ — ಕುಡತಿನಿಯಲ್ಲಿ, ಮಗಳ ಮನೆಯಲ್ಲಿ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಹೋಗಿ ಕೇಳು. ಎಲ್ಲವನ್ನೂ ಹೇಳುತ್ತಾಳೆ. ಕೊನೆಗೆ, ಅವನು ಸಣ್ಣವನಿದ್ದ, ತಿಳಿಯದೆ ಮಾಡಿದ ಎಂದೂ ಹೇಳಬಹುದು. ಅದೊಂದನ್ನು ನಂಬಬೇಡ.