ತಿಮ್ಮೇಶನ ಗಿಟಾರಿಗೆ ಗೆಜ್ಜೆ ಬಂದದ್ದು

ಪಾಂಡವಪುರದ ಆರ್ಕೆಸ್ಟ್ರಾದಲ್ಲಿ ತಿಮ್ಮೇಶ ಬೇಸ್ ಗಿಟಾರು ಹಿಡಿದು ಹನ್ನೊಂದು ವರ್ಷ. ಅದು ಹಾಡಿನ ಅಡಿಯಲ್ಲಿ ಗುಂಯ್ ಅನ್ನುವ ವಾದ್ಯ. ಅಷ್ಟೂ ವರ್ಷ ಅವನವ್ವ ಪುಟ್ಟಲಕ್ಷ್ಮಮ್ಮನದು ಒಂದೇ ಮಾತು: "ಎಲ್ರುದೂ ಕೇಳ್ತದೆ, ನಿಂದೊಂದು ಕೇಳಾಕಿಲ್ಲ ಕಣ್ಲಾ. ಸುಮ್ನೆ ಕೆರ್ಕೊಂಡು ನಿಂತಿರ್ತೀಯ."

ಈ ಮಾತಿಗೆ ತಿಮ್ಮೇಶನಿಗೆ ಮೈಯೆಲ್ಲ ಉರಿಯೋದು. ತಂತಿ ಬದಲಿಸಿದ. ತಂತಿಯ ಸದ್ದು ಹಿಡಿಯುವ ಪಿಕಪ್ಪು ಬದಲಿಸಿದ. ಭತ್ತದ ಮೂಟೆಯಷ್ಟು ದೊಡ್ಡ ಸ್ಪೀಕರು ಹೊತ್ತು ತಂದ. ಅವ್ವ ಕಿವಿಗೊಟ್ಟು ಕೇಳಿ "ಊಹೂಂ" ಅಂದಳು. ಕೊನೆಗೆ ಆಚಾರಿಗೆ ಹೇಳಿ ಗಿಟಾರಿಗೆ ಹಲಸಿನ ಮರದ ಹೊಸ ಮೈಯನ್ನೇ ಮಾಡಿಸಿದ. ನಾದ ಎಷ್ಟು ಹೆಚ್ಚಿತೋ ದೇವರೇ ಬಲ್ಲ, ಭಾರವಂತೂ ಹೆಚ್ಚಿತು.

ದೇವಲಾಪುರದ ನೆಂಟರ ಮದುವೆಯಲ್ಲಿ ಆ ಭಾರಕ್ಕೆ ಎರಡನೇ ಹಾಡಿಗೇ ಹೆಗಲ ಬೆಲ್ಟು ಕಿತ್ತುಹೋಯಿತು. ಹೆಣ್ಣಿನ ತಂದೆ ಚೌಡಯ್ಯ ಕೊಟ್ಟಿಗೆಗೆ ಓಡಿ, ಎರಡು ಎತ್ತಿನ ಕೊರಳ ಗೆಜ್ಜೆಪಟ್ಟಿ ಬಿಚ್ಚಿ ತಂದು, ಜೋಡಿಸಿ, ತಾನೇ ಬಿಗಿದ. "ಜೋಡೆತ್ತು ಎಳುದ್ರೂ ಕಿತ್ತೋಗಾಕಿಲ್ಲ, ಬಾರ್ಸಲಾ!"

ತಿಮ್ಮೇಶ ಕೈಯಾಡಿಸಿದರೆ ಘಲ್, ಕಾಲು ಬದಲಿಸಿದರೆ ಘಲ್ ಘಲ್. ಹಾಡುವವಳ ಮೈಕು ಪಕ್ಕದಲ್ಲೇ ಇದ್ದದ್ದರಿಂದ ಇಡೀ ಚಪ್ಪರಕ್ಕೆ ಅದೇ ಸದ್ದು. ಜನ ಎದ್ದು ಕುಣಿದರು. ಮುಂದಿನ ಸಾಲಿನಲ್ಲಿದ್ದ ಅವ್ವ ಪಕ್ಕದವಳ ಪಕ್ಕೆ ತಿವಿದು ಕೂಗಿದಳು: "ಕೇಳ್ತಾ? ಅದು ನನ್ ಮಗಂದು ಕಣವ್ವಾ!"

ತಿಮ್ಮೇಶ ಹಲ್ಲು ಕಚ್ಚಿಕೊಂಡು, ಇನ್ನೆರಡು ಸಲ ಕುಪ್ಪಳಿಸಿದ.