ಬ್ರಿಸ್ಬೇನಿನ ಹುಲ್ಲಿನ ಮೇಲೆ ನಮ್ಮತ್ತೆಯ ಚರಗ

ನಿಮ್ಮ ಮಕ್ಕಳು ಯಾವತ್ತಾದರೂ ನಿಮಗೇ ಷರತ್ತು ಹಾಕಿ ಹೊರಗೆ ಕರಕೊಂಡು ಹೋಗಿದ್ದಾರಾ? "ಅವ್ವಾ, ಜೋರಾಗಿ ಮಾತಾಡಬ್ಯಾಡ, ಆ ಚೀಲ ತರಬ್ಯಾಡ, ನನ್ನ ಗೆಳತಿ ಮುಂದ ಢರ್ ಅಂತ ತೇಗಬ್ಯಾಡ" ಅಂತ? ಇಲ್ಲ ಅನ್ನುವವರಿಗೆ ಒಂದೋ ಮಕ್ಕಳಿಲ್ಲ, ಇಲ್ಲ ಮಕ್ಕಳಿಗೆ ಇನ್ನೂ ಹಲ್ಲು ಬಂದಿಲ್ಲ.

ನನಗೆ ಆಗಿದೆ. ಅದೂ ಬ್ರಿಸ್ಬೇನಿನಲ್ಲಿ. ಈಗ ಬನಹಟ್ಟಿಗೆ ವಾಪಸ್ ಬಂದು, ಪಕ್ಕದ ಮನೆಯ ಮಗ್ಗದ ಖಟಖಟದ ನಡುವೆ ಬರೆಯುತ್ತಿರುವುದರಿಂದ ಧೈರ್ಯವಾಗಿ ಹೇಳುತ್ತೇನೆ. ಅಲ್ಲಿದ್ದಾಗ ಹೇಳಿದ್ದರೆ ದೊಡ್ಡ ಮಗಳು ನನ್ನ ಫೋನನ್ನು ನದಿಗೆ ಎಸೆಯುತ್ತಿದ್ದಳು.

ನನ್ನ ಗಂಡ ಕಬ್ಬು ಕಟಾವು ಮಾಡುವ ಯಂತ್ರಗಳ ರಿಪೇರಿಯವನು. ಮಹಾಲಿಂಗಪುರದ ಸುತ್ತಲಿನ ಹೊಲಗಳಲ್ಲಿ ಕೆಟ್ಟು ನಿಂತ ಯಂತ್ರದ ಕೆಳಗೆ ಮಲಗಿಯೇ ಅರ್ಧ ಆಯುಷ್ಯ ಕಳೆದವನು. ಅವನ ಕಂಪನಿ ಸ್ವಲ್ಪ ಕಾಲ ಆಸ್ಟ್ರೇಲಿಯಾಕ್ಕೆ ಕಳಿಸಿತು. ಅವನ ಹಿಂದೆ ನಾನು, ಒಂಬತ್ತರ ದೊಡ್ಡವಳು, ಐದರ ಚಿಕ್ಕವಳು. ಆಮೇಲೆ ಹಿಪ್ಪರಗಿಯಿಂದ ನಮ್ಮತ್ತೆ ಬಂದರು, ಒಂದು ಸೂಟ್‌ಕೇಸಿನಲ್ಲಿ ಸೀರೆ, ಎರಡರಲ್ಲಿ ಹಿಟ್ಟು.

ಮೊದಲು ದೊಡ್ಡವಳ ಸಂಕಟ ಹೇಳಿಬಿಡುತ್ತೇನೆ. ಹೊಸ ಶಾಲೆಗೆ ಸೇರಿ ತಿಂಗಳುಗಟ್ಟಲೆ ಆದರೂ ಊಟದ ಹೊತ್ತಿಗೆ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಬೈಯುವವರೂ ಇರಲಿಲ್ಲ, ಹೊಡೆಯುವವರೂ ಇರಲಿಲ್ಲ. ಸುಮ್ಮನೆ ಯಾರೂ ಕೂರುತ್ತಿರಲಿಲ್ಲ. ಡಬ್ಬಿ ಕಟ್ಟಿದ ಹಾಗೇ ಮನೆಗೆ ಬರುತ್ತಿತ್ತು. ಕೇಳಿದರೆ "ಹಸಿವಿ ಆಗಲಿಲ್ಲ." ಬನಹಟ್ಟಿಯಲ್ಲಿ ರೊಟ್ಟಿ ತವಾದಿಂದ ಇಳಿಯುವ ಮೊದಲೇ ಕೈ ಹಾಕುತ್ತಿದ್ದ ಹುಡುಗಿಗೆ ಹಸಿವಿಲ್ಲವಂತೆ.

ಅಕ್ಟೋಬರ್ ಹೊತ್ತಿಗೆ ಕೊನೆಗೂ ಒಬ್ಬಳು ಬಂದು ಕೂತಳು. ಕೆಂಚು ಕೂದಲು, ಮೂಗಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ, ಮಾತು ಬಹಳ ಕಡಿಮೆ. ಆ ಭಾನುವಾರ ನಾವು ಪೇಟೆಗೆ ಹೋಗುವವರಿದ್ದೆವು. ದೋಣಿಯಲ್ಲಿ ನದಿ ಸುತ್ತಿ, ದಂಡೆಯ ದೊಡ್ಡ ತೋಟದಲ್ಲಿ ಕೂತು ಬರುವುದು. ಆ ಹುಡುಗಿಯೂ ಬರುತ್ತೇನೆ ಅಂದಳು. ನಮ್ಮವಳು ಬುಧವಾರವೇ ಅಂಗಿ ಇಸ್ತ್ರಿ ಮಾಡಿಸಿ ಇಟ್ಟುಕೊಂಡಳು.

ಗುರುವಾರ ನಮ್ಮತ್ತೆ ಪಂಚಾಂಗ ನೋಡಿದರು.

"ಐತವಾರ ಶೀಗಿ ಹುಣ್ಣಿವಿ. ಚರಗಾ ಚೆಲ್ಲಬೇಕು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ಶೀಗಿ ಹುಣ್ಣಿಮೆಗೆ ಪೈರು ಹೊತ್ತ ಭೂಮಿ ಬಸುರಿ ಅಂತ ಲೆಕ್ಕ. ಬಸುರಿಯ ಬಯಕೆ ತೀರಿಸಬೇಕಲ್ಲ? ಅದಕ್ಕೆ ಹೊಲಕ್ಕೆ ಅಡಿಗೆ ಕಟ್ಟಿಕೊಂಡು ಹೋಗಿ, ಐದು ಕಲ್ಲು ಇಟ್ಟು ಪೂಜೆ ಮಾಡಿ, ಒಬ್ಬರು ಮುಂದೆ ಅಡಿಗೆ ಚೆಲ್ಲುತ್ತ ಹೋಗುತ್ತಾರೆ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರುತ್ತಾರೆ. ಮುಂದಿನವರು "ಹುಲ್ಲುಲ್ಲಿಗೋ" ಅಂದರೆ ಹಿಂದಿನವರು "ಚಲ್ಲಂಬ್ರಿಗೋ" ಅನ್ನಬೇಕು, ಆಚೆ ಹೊಲದವರಿಗೂ ಕೇಳುವ ಹಾಗೆ. ಅದರ ಅರ್ಥ ನನ್ನನ್ನು ಕೇಳಬೇಡಿ. ನಮ್ಮತ್ತೆಗೂ ಗೊತ್ತಿಲ್ಲ.

"ಅವ್ವಾ, ಇಲ್ಲೆ ಹೊಲಾ ಎಲ್ಲೈತಿ?" ಅಂದ ನನ್ನ ಗಂಡ.

"ಯಾಕ, ಈ ಊರು ಗಾಳಿಯಾಗ ತೇಲಾಡತೈತೇನು? ಕೆಳಗ ಭೂಮಿ ಇಲ್ಲೇನು? ನೀವು ಹೊಂಟೀರಲ್ಲ ತ್ವಾಟಕ್ಕ, ಅಲ್ಲೇ ಚೆಲ್ಲೂದು."

ದೊಡ್ಡವಳ ಕೈಯಲ್ಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. "ಆಯಿ, ಬ್ಯಾಡ! ಆಕಿ ಬರ್ತಾಳ!" ಅಂದಳು ಅಜ್ಜಿಗೆ.

"ಬರಲಿ. ಹೊಟ್ಟಿ ತುಂಬ ಉಂಡ ಹೋಗಲಿ."

ಅವಳು ಅಳತೊಡಗಿದಳು. ಹಟದ ಅಳು ಅಲ್ಲ ಅದು, ಹೆದರಿಕೆಯ ಅಳು. "ನಮ್ಮನ್ನ ನೋಡಿ ಆಕಿ ಸೋಮವಾರ ಬ್ಯಾರೆ ಕಡೆ ಕೂತ್ರ?" ಅಂದಳು. ನನ್ನ ಗಂಡ ತಕ್ಷಣ ಏನೋ ನೆನಪಾದವನ ಹಾಗೆ ಹಿತ್ತಲಿಗೆ ಹೋಗಿ, ಅಲ್ಲಿ ಏನೂ ಇಲ್ಲದ್ದರಿಂದ ನಲ್ಲಿ ತಿರುವಿ ನೋಡುತ್ತ ನಿಂತ.

ಸಂಧಾನ ನಡೆಯಿತು. ಷರತ್ತು ಹೇಳಿದವಳು ದೊಡ್ಡವಳು. ಕೂಗುವಂತಿಲ್ಲ. ತಲೆಯ ಮೇಲೆ ಗಂಟು ಹೊರುವಂತಿಲ್ಲ. ಗೆಳತಿಯ ಗಲ್ಲ ಸವರಿ ಲಟಲಟ ನೆಟಿಗೆ ಮುರಿಯುವಂತಿಲ್ಲ. "ಉಣ್ಣು, ಇನ್ನೊಂದ ತಗೋ" ಅಂತ ಬೆನ್ನು ಹತ್ತುವಂತಿಲ್ಲ.

ಅತ್ತೆ ಎಲ್ಲ ಕೇಳಿ, "ಮತ್ತ ಉಸರರೆ ಬಿಡಬಹುದೇನವಾ ನಾನು?" ಅಂದರು.

"ಬಿಡು. ಸಾವಕಾಶ ಬಿಡು."

ಶನಿವಾರ ಇಡೀ ದಿನ ಮನೆ ಹಿಪ್ಪರಗಿಯಾಗಿತ್ತು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ಮೊಸರನ್ನ. ಹೊಗೆಯ ಅಲಾರಾಂ ಎರಡು ಸಲ ಕೂಗಿತು. ಅತ್ತೆ ಅದರ ಕಡೆ ಕೈ ಬೀಸಿ, "ಆತು ಬಿಡ, ನಿನಗೂ ಕೊಡ್ತೇನಿ" ಅಂದರು.

ಭಾನುವಾರ ಗಂಟು ಕಾಣಬಾರದು ಅಂತ ಡಬ್ಬಿಗಳನ್ನೆಲ್ಲ ಗಾಲಿಯ ಸೂಟ್‌ಕೇಸಿನಲ್ಲಿ ತುಂಬಿದೆವು. ದೋಣಿಯಲ್ಲಿ ಜನ ನಮ್ಮನ್ನು ವಿಮಾನ ತಪ್ಪಿಸಿಕೊಂಡವರ ಹಾಗೆ ಕರುಣೆಯಿಂದ ನೋಡಿದರು. ಆದರೆ ಬೆಳ್ಳುಳ್ಳಿಯ ವಾಸನೆ ಸೂಟ್‌ಕೇಸಿನ ಮಾತು ಎಲ್ಲಿ ಕೇಳುತ್ತದೆ? ಎದುರಿಗೆ ಕೂತಿದ್ದ ಮುದುಕನೊಬ್ಬ ಮೂಗು ಅರಳಿಸಿ ಅರಳಿಸಿ ಸುತ್ತ ಹುಡುಕುತ್ತಿದ್ದ. ಚಿಕ್ಕವಳು ಆ ಗೆಳತಿಯ ಕಿವಿಯ ಹತ್ತಿರ ಹೋಗಿ ತನ್ನ ಹೊಸ ಇಂಗ್ಲಿಷಿನಲ್ಲಿ, "ಆ ಪೆಟ್ಟಿಗೆಯಲ್ಲಿ ಊಟ ಇದೆ, ನಿನಗೆ ಹೇಳಬಾರದಂತೆ" ಅಂದಳು. ದೊಡ್ಡವಳು ಕಣ್ಣು ಮುಚ್ಚಿಕೊಂಡಳು.

ತೋಟದಲ್ಲಿ ಮರಗಳಿಂದ ನೇರಳೆ ಹೂ ಉದುರಿ ಹುಲ್ಲೇ ಕಾಣುತ್ತಿರಲಿಲ್ಲ. ಮೊಳದುದ್ದದ ಓತಿಕ್ಯಾತಗಳು ಮನೆಯವರ ಹಾಗೆ ಅಡ್ಡಾಡುತ್ತಿದ್ದವು. ದೊಡ್ಡವಳು ಗೆಳತಿಯ ಕೈ ಹಿಡಿದು ಅವನ್ನು ತೋರಿಸುವ ನೆಪದಲ್ಲಿ ದೂರ ಎಳಕೊಂಡು ಹೋದಳು. ಹೋಗುವಾಗ ತಿರುಗಿ ನಮಗೆ ಕಣ್ಣಲ್ಲೇ "ಲಗೂ ಮುಗಸ್ರಿ" ಅಂದಳು.

ಅತ್ತೆ ಒಂದು ಮರದ ಬುಡ ಆರಿಸಿದರು. ಈಗ ಐದು ಕಲ್ಲು ಬೇಕು. ಅಷ್ಟು ದೊಡ್ಡ ತೋಟದಲ್ಲಿ ಒಂದು ಬಿಡಿ ಕಲ್ಲಿಲ್ಲ! ಇದ್ದದ್ದು ಹೂವಿನ ಮಡಿಯ ಸುತ್ತ ಸಾಲಾಗಿ ಜೋಡಿಸಿದ ಬಿಳಿ ಕಲ್ಲು ಮಾತ್ರ.

"ಲೇ, ಅವನ್ನ ತಗೊಂಬಾ."

"ಯವ್ವಾ, ಅವು ಸರಕಾರದ ಕಲ್ಲು!"

"ದೇವರಾಗಿ ವಾಪಸ್ ಹೋಗ್ತಾವ. ಸರಕಾರಕ್ಕ ಲಾಭನ ಅಲ್ಲೇನು?"

ಟನ್‌ಗಟ್ಟಲೆ ತೂಕದ ಯಂತ್ರಗಳನ್ನು ಜ್ಯಾಕ್ ಹಾಕಿ ಎತ್ತುವ ನನ್ನ ಗಂಡ, ಅಂಗೈಯಗಲದ ಐದು ಕಲ್ಲು ಎತ್ತಿ ತರುವಷ್ಟರಲ್ಲಿ ಬೆವತುಹೋದ. ಕುಂಕುಮ ಬಿತ್ತು, ಊದಿನಕಡ್ಡಿ ಮಾತ್ರ ನಾನು ಹಚ್ಚಗೊಡಲಿಲ್ಲ. ಆಮೇಲೆ ಅತ್ತೆ ಕಡಬು, ರೊಟ್ಟಿ ಮುರಿದು ಪರಾತದಲ್ಲಿ ಹಾಕಿಕೊಂಡು ಚೆಲ್ಲುತ್ತ ಹೊರಟರು. ಕೊಟ್ಟ ಮಾತು ಮುರಿಯಲಿಲ್ಲ. "ಹುಲ್ಲುಲ್ಲಿಗೋ" ಅನ್ನುವುದನ್ನು ಪಿಸುಗುಟ್ಟಿದರು. ಹಿಂದೆ ಚಿಕ್ಕವಳು ಶಾಲೆಯ ಬಾಟಲಿಯಿಂದ ನೀರು ಚಿಮುಕಿಸುತ್ತ ಪಿಸುಗುಟ್ಟಿದಳು, "ಚಲ್ಲಂಬ್ರಿಗೋ." ನನ್ನ ಗಂಡ ಆಚೀಚೆ ನೋಡುತ್ತ ಕಾವಲಿಗೆ ನಿಂತ. ಕೂಗಿದ್ದರೇ ಒಳ್ಳೆಯದಿತ್ತು. ಹೀಗೆ ನೋಡಿದರೆ ಯಾರದೋ ಮನೆಗೆ ಕನ್ನ ಹಾಕಲು ಬಂದವರ ಹಾಗಿದ್ದೆವು.

ಆಗ ಬಂದವು ಆ ಹಕ್ಕಿಗಳು. ಬಿಳಿ ಮೈ, ಬೋಳು ಕರಿ ತಲೆ, ಕುಡುಗೋಲಿನ ಹಾಗೆ ಬಾಗಿದ ಕೊಕ್ಕು. ಆ ಊರಿನ ಕಸದ ಡಬ್ಬಿಗಳಿಗೆಲ್ಲ ಅವೇ ಮಾಲೀಕರು. ಮೊದಲು ಒಂದು, ನೋಡನೋಡುತ್ತ ಒಂದು ಹಿಂಡು. ಅವುಗಳ ಹಿಂದೆಯೇ ದೊಡ್ಡ ಟೋಪಿ ಹಾಕಿಕೊಂಡ, ತೋಟ ನೋಡಿಕೊಳ್ಳುವ ಹೆಂಗಸೊಬ್ಬಳು ಬಂದಳು. ಹಕ್ಕಿಗೆ ಆಹಾರ ಹಾಕುವಂತಿಲ್ಲ, ದಯವಿಟ್ಟು ಎತ್ತಿಬಿಡಿ ಅಂದಳು. ನಾನು ಇದು ಹಕ್ಕಿಗಲ್ಲ, ನೆಲಕ್ಕೆ ಅಂದೆ. ಅವಳು ನೆಲ ನೋಡಿದಳು, ನನ್ನನ್ನು ನೋಡಿದಳು.

"ಏನಂತಾಳ?" ಅತ್ತೆ ಕೇಳಿದರು.

"ಹಾಕಬಾರ್ದಂತ್ರಿ."

"ಬಸುರಿಗೆ ಉಣ್ಣಾಕ ಹಾಕಬಾರ್ದಂತಾಳೇನು? ಈಕಿನ್ನ ಸುದ್ದಾ ಒಬ್ಬಾಕಿ ತಾಯಿನ ಹಡದಾಳಲ್ಲ! ಕೇಳ ಆಕಿನ್ನ!"

ಕೇಳಲಿಲ್ಲ. ನಾನೂ ನನ್ನ ಗಂಡನೂ ಮೊಣಕಾಲೂರಿ ಕಡಬಿನ ಚೂರು ಆರಿಸತೊಡಗಿದೆವು. ಹಕ್ಕಿಗಳೂ ಪೈಪೋಟಿಗೆ ಬಿದ್ದು ಆರಿಸಿದವು; ಅವುಗಳ ಕೆಲಸವೇ ಚುರುಕಾಗಿತ್ತು. ಅದೇ ಹೊತ್ತಿಗೆ ಹುಡುಗಿಯರಿಬ್ಬರೂ ತಿರುಗಿ ಬಂದರು. ದೊಡ್ಡವಳ ಮುಖ ಬಿಳಿಚಿತು. ಅವಳ ಕಣ್ಣೆದುರಿಗೇ ಒಂದು ಹಕ್ಕಿ ಡಬ್ಬಿಗೆ ಕೊಕ್ಕು ಹಾಕಿ ಇಡೀ ಶೇಂಗಾ ಹೋಳಿಗೆ ಎತ್ತಿಕೊಂಡು ಓಡಿತು.

ಷರತ್ತು ಹಾಕಿದ್ದ ಹುಡುಗಿ ಎಲ್ಲ ಮರೆತಳು. ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡುತ್ತ, "ಹೇ ಬಿಡಲೇ! ನಮ್ಮ ಆಯಿ ಮಾಡಿದ್ದೈತದು! ನಿಮ್ಮಪ್ಪಂದಲ್ಲ! ಬಿಡಲೇ ಬ್ವಾಳತಲಿಯವನ!" ಅಂತ ಒದರಿದಳು. ಇಡೀ ತೋಟ ತಿರುಗಿ ನೋಡಿತು. ನದಿಯ ಆಚೆ ದಂಡೆಯವರೂ ನೋಡಿರಬೇಕು.

"ಭೇಷ್!" ಅಂದರು ಅತ್ತೆ.

ಭೇಷ್ ಅನ್ನಬಾರದಿತ್ತು. ದೊಡ್ಡವಳಿಗೆ ಎಚ್ಚರಾಯಿತು. ಚಪ್ಪಲಿ ಕೆಳಗಿಟ್ಟು ಕಾಲಿಗೆ ಹಾಕಿಕೊಂಡಳು. ಗೆಳತಿ ಅವಳ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಏನೋ ಕೇಳಿದಳು. ನಮ್ಮವಳು ತಲೆ ತಗ್ಗಿಸಿ ಏನೋ ಹೇಳಿದಳು. ಆಮೇಲೆ ಆ ಹುಡುಗಿ ಬೆಂಚಿನ ಮೇಲೆ ಕಾಲು ಮೇಲೆತ್ತಿಕೊಂಡು ಕೂತು ಒಂದು ಕಡಬು ತಿಂದಳು. ತಿರುಗಿ ಬರುವಾಗ ನಾವು ಹುಲ್ಲಿನ ಮೇಲೆ ನಡೆದರೆ ಅವಳೊಬ್ಬಳೇ ಸುತ್ತು ಹಾಕಿ ಸಿಮೆಂಟಿನ ದಾರಿ ಹಿಡಿದಳು. ನಾವು ಮುಟ್ಟಿದ ನೆಲವೂ ಬೇಡವಾಯಿತೇ ಈ ಕೂಸಿಗೆ ಅಂದುಕೊಳ್ಳುತ್ತ ನಾನು ಸೂಟ್‌ಕೇಸು ಎಳೆದುಕೊಂಡು ನಡೆದೆ.

ಮನೆಗೆ ಬಂದ ದೊಡ್ಡವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅತ್ತೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. "ನಾ ಒದರಲಿಲ್ಲಲ್ಲವಾ. ಹೇಳಿದಂಗ ಕೇಳೇನಿ" ಅಂತ ಬಾಗಿಲಿಗೇ ಹೇಳುತ್ತಿದ್ದರು. ಸೋಮವಾರ ಬೆಳಿಗ್ಗೆ ಹುಡುಗಿ ಡಬ್ಬಿ ಬೇಡ ಅಂದಳು. ನಾನು ಕಣ್ಣು ತಪ್ಪಿಸಿ ಚೀಲದಲ್ಲಿ ತುರುಕಿದೆ.

ಮಧ್ಯಾಹ್ನ ಶಾಲೆಯ ಗೇಟಿಗೆ ಹೋದರೆ ಆ ಹುಡುಗಿಯ ತಾಯಿ ನೇರವಾಗಿ ನನ್ನ ಕಡೆಯೇ ಬರುತ್ತಿದ್ದಳು. ಆಳೆತ್ತರದ ಹೆಂಗಸು, ಮುಖದಲ್ಲಿ ನಗುವಿಲ್ಲ. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ವಾಕ್ಯ ಜೋಡಿಸುತ್ತಿದ್ದೆ.

"ಒಂದು ಮಾತು ಕೇಳಬೇಕಿತ್ತು," ಅಂದಳು. "ಹೆರಿಗೆ ಯಾವಾಗ?"

ನಾನು ಗಬಕ್ಕನೆ ಹೊಟ್ಟೆ ಒಳಗೆಳೆದುಕೊಂಡೆ. ನಲವತ್ತು ದಾಟಿದ ಹೊಟ್ಟೆ, ಎಳೆದರೂ ಎಷ್ಟು ಹೋದೀತು?

"ನಿಮ್ಮದಲ್ಲ," ಅಂದಳು ಅವಳು ಗಾಬರಿಯಾಗಿ. "ನೆಲದ್ದು. ನಿನ್ನೆ ಸಂಜೆ ನನ್ನ ಗಂಡ ಹುಲ್ಲು ಕತ್ತರಿಸುವ ಮಶೀನು ತೆಗೆದರೆ ಮಗಳು ಅದರ ಮುಂದೆ ಕೂತುಬಿಟ್ಟಳು. ನೆಲ ಬಸುರಿ, ಕತ್ತರಿಸಬಾರದು, ನಿಮ್ಮ ಮಗಳು ಹೇಳಿದ್ದಾಳೆ ಅಂತ. ನಮ್ಮನ್ನೂ ಹುಲ್ಲಿನ ಮೇಲೆ ಕಾಲಿಡಲು ಬಿಡುತ್ತಿಲ್ಲ. ಎಷ್ಟು ದಿನ ಕಾಯಬೇಕು, ನಿಮ್ಮ ಅತ್ತೆಯನ್ನೇ ಕೇಳಿಕೊಂಡು ಬಾ ಅಂದಿದ್ದಾಳೆ."

ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಅಷ್ಟರಲ್ಲಿ ಹುಡುಗಿಯರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ನಮ್ಮವಳ ಚೀಲದಲ್ಲಿ ಖಾಲಿ ಡಬ್ಬಿ ಗಲಗಲ ಅನ್ನುತ್ತಿತ್ತು.

ಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. ಅವರು ಬಹಳ ಗಂಭೀರವಾಗಿ ವಿಚಾರ ಮಾಡಿದರು. "ಜ್ವಾಳಾ ತೆನಿ ಕಟ್ಟಿ ಸುಗ್ಗಿ ಆಗೂತನಕಾ."

"ಅತ್ತೀ, ಅವರ ಹಿತ್ತಲದಾಗ ಜ್ವಾಳಾ ಇಲ್ರಿ. ಬರೇ ಹುಲ್ಲೈತಿ."

"ಹುಲ್ಲ ಯಾರ ಹಡದಾರ? ಅದಕ್ಕೂ ಆಕಿನ ತಾಯಿ."

"ಯವ್ವಾ," ಅಂದ ನನ್ನ ಗಂಡ, "ಈ ದೇಶದಾಗ ಹುಲ್ಲ ಬೆಳಸಿದ್ರ ಹಾವು ಬರ್ತಾವ."

ಅತ್ತೆ ಸ್ವಲ್ಪ ಸಡಿಲಾದರು. "ಹಂಗಾರ ಮೊದಲ ಉಣಸಲಿ. ಆಮ್ಯಾಲ ಬೇಕಾರ ಕತ್ತರಿಸಲಿ. ಹೊಟ್ಟಿ ಹಸದಾಕಿ ಮ್ಯಾಲ ಮಶೀನ ಓಡಸೂದು ಛಲೋ ಅಲ್ಲ."

ದೊಡ್ಡವಳು ಅಜ್ಜಿಯ ಕುರ್ಚಿಯ ಕೈಮೇಲೆ ಕೂತು ಎಲ್ಲ ಕೇಳುತ್ತಿದ್ದಳು. "ಆಯಿ, ಇನ್ನೊಂದ ಐತಿ. ನಮ್ಮ ಸಾಲಿ ಮೈದಾನದಾಗ ಹುಡುಗೂರು ದಿನಾ ಜಿಗದಾಡ್ತಾರ. ಅದನ್ನ ಬಂದ್ ಮಾಡಸೂಣು ಅಂತ ಆಕಿ ಟೀಚರ್‌ಗೆ ಹೇಳಾಕ ಹೊಂಟಾಳ. ನಾ ತಡದೇನಿ." ಆಮೇಲೆ ನನ್ನ ಕಡೆ ತಿರುಗಿ, "ಅವ್ವಾ, ನಾಳೆ ಡಬ್ಬಿಗೆ ಮೂರ ಕಡಬ ಹಾಕು. ನನಗೊಂದ, ಆಕಿಗೊಂದ, ಮೈದಾನಕ್ಕೊಂದ."

ಇಷ್ಟು ನನ್ನದಾಯಿತು. ನಿಮ್ಮ ಮನೆಯ ಹಿರಿಯರು ಪರವೂರಿಗೋ ಪರದೇಶಕ್ಕೋ ಬಂದು ನಿಮ್ಮನ್ನು ಯಾರ ಮುಂದೆ, ಹೇಗೆ ಸಿಕ್ಕಿಸಿ ಹಾಕಿದರು? ಮಕ್ಕಳು ಏನಂದರು? ಜಮಖಂಡಿಯವರಿರಲಿ, ಮುಧೋಳ, ಬೀಳಗಿಯವರಿರಲಿ, ಕೆಳಗೆ ಬರೆಯಿರಿ. ಉದ್ದವಾದರೂ ಅಡ್ಡಿಯಿಲ್ಲ. ಒಂದೊಂದನ್ನೂ ನಾನು ನಮ್ಮತ್ತೆಗೆ ಓದಿ ಹೇಳುತ್ತೇನೆ. ಯಾರದು ತಪ್ಪು ಅಂತ ಅವರು ಹೇಳಿದ್ದನ್ನು ಹಾಗೇ ನಿಮಗೆ ಬರೆದು ತಿಳಿಸುತ್ತೇನೆ. ಬೈದರೆ ಬೈಸಿಕೊಳ್ಳಿ.