ಡಂಗುರದವನ ಬೊಗಸೆ

ಮುಂಡಗೋಡದ ಹತ್ತಿರ ನನ್ನನ್ನು ಕೊಟ್ಟ ಊರಿನಲ್ಲಿ ಅವನು ಡಂಗುರ ಸಾರುತ್ತಿದ್ದ. ಹಲಗೆ ಬಾರಿಸಿ, ಕತ್ತು ಚಾಚಿ, ಸುದ್ದಿ ಯಾವುದಿದ್ದರೂ ಕೊನೆಗೆ ಒಂದೇ ಮಾತು: "ಕೇಳಿಲ್ಲ ಅನಬ್ಯಾಡ್ರಿ!" ಆಮೇಲೆ ಊರ ಬಾವಿಯಿಂದ ನಾಲ್ಕು ಮಾರು ದೂರ ನಿಂತು, ಹಲಗೆಯನ್ನು ಬೆನ್ನಿಗೆ ಸರಿಸಿ ಬೊಗಸೆ ಒಡ್ಡುತ್ತಿದ್ದ. ಅವನ ಕೇರಿಯವರು ಆ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಹೊಸ ಸೊಸೆಯಾದ ನಾನು ಕೊಡ ಒಯ್ದು ಮೇಲಿನಿಂದ ನೀರು ಸುರಿಯುತ್ತಿದ್ದೆ. ಕುಡಿದು, "ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ" ಎನ್ನುತ್ತಿದ್ದ.

ಅರವತ್ತನೇ ಇಸವಿಯ ಆಸುಪಾಸಿನಲ್ಲಿ ಪಂಚಾಯತಿಗೆ ಹೊಸ ಚೇರಮನ್ನರು ಆರಿಸಿ ಬಂದರು. ಮರುದಿನ ಅವನು ಬಾವಿಯ ಬಳಿಯೇ ಬಂದು ಸಾರಿದ:

"ಹೊಸಾ ಚೇರಮನ್ರು ಮಾತು ಕೊಟ್ಟಾರ್ರೀ! ಇನ್ನ ಊರ ಬಾವಿ ಎಲ್ಲಾ ಕೇರಿಯವ್ರಿಗೂ ಐತಿ! ಯಾರು ಬೇಕಾದ್ರೂ ನೀರು ಸೇದಬಹುದು! ಕೇಳಿಲ್ಲ ಅನಬ್ಯಾಡ್ರಿ!"

ರಾಟೆಗಳು ನಿಂತವು. ತಾನು ಸಾರಿದ್ದಕ್ಕೆ ತಾನೇ ಬೆಚ್ಚಿದವನಂತೆ ಅವನು ಹಿಂದೆ ಸರಿದ. ಅದೇ ನಾಲ್ಕು ಮಾರು ದೂರದಲ್ಲಿ ನಿಂತು ಎಂದಿನಂತೆ ಬೊಗಸೆ ಒಡ್ಡಿದ.

ನಾನು ಕೊಡ ಎತ್ತಿದೆ. ಅತ್ತೆ ನನ್ನ ರಟ್ಟೆ ಹಿಡಿದರು.

"ನೀ ಯಾಕ ಹಾಕ್ತಿ? ಅಂವಾ ಸೇದ್ಕೋಬಹುದಂತ. ಈಗ ತಾನ ಸಾರ್ಯಾನಲ್ಲ!"

ಒಬ್ಬೊಬ್ಬರಾಗಿ ಎಲ್ಲರೂ ಕೊಡ ಹೊತ್ತು ನಡೆದರು. ನಾನೂ ನಡೆದೆ. ತಿರುಗಿ ನೋಡಿದಾಗ ಅವನು ರಾಟೆಯಲ್ಲಿ ತೂಗುವ ಹಗ್ಗವನ್ನೇ ನೋಡುತ್ತಿದ್ದ. ಬೊಗಸೆ ಹಾಗೆಯೇ ಇತ್ತು.

ಸ್ವಲ್ಪ ಹೊತ್ತಿಗೆ ನಮ್ಮ ಓಣಿಯಲ್ಲಿ ಹಲಗೆ ಕೇಳಿಸಿತು. ಒಣಗಿದ ಗಂಟಲಿನಲ್ಲಿ ಅವನು ಅದೇ ಸುದ್ದಿ ಸಾರುತ್ತಿದ್ದ: ಊರ ಬಾವಿ ಎಲ್ಲರಿಗೂ ಐತಿ, ಯಾರು ಬೇಕಾದರೂ ನೀರು ಸೇದಬಹುದು. ನಾನು ಒಳಗೆ, ತುಂಬಿದ ಕೊಡದ ಪಕ್ಕದಲ್ಲಿ ನಿಂತಿದ್ದೆ.

ಕೇಳಿಲ್ಲ ಎಂದು ನಾನು ಇವತ್ತಿಗೂ ಅನ್ನಲಾರೆ.